ಮೌಲಾ ಸಾಬರು ಹತ್ತದ ಸೈಕಲ್ಲು

ಅವತ್ತು ಸಿದ್ದೀಕಾ ಬುತ್ತಿ ಕಟ್ಟಿದ್ದು ಜೋಳದ ರೊಟ್ಟಿ, ಪುಂಡಿಪಲ್ಲೆ. ಮಧ್ಯಾಹ್ನ ಹರಿಹರದ ಬಸ್ ಸ್ಟ್ಯಾಂಡಿನ ಪಕ್ಕ ಸೈಕಲ್ ನಿಲ್ಲಿಸೋ ಜಾಗಕ್ಕೆ ಹೋದಾಗ ಗಂಡ ಮೌಲಾ ಸಾಬರು ತಗಡಿನ ನೆರಳಲ್ಲಿ ಕೂತು ಬಿಲ್ಲೆ ಒರೆಸುತ್ತಿದ್ದರು. ಒಂದು ಬಿಲ್ಲೆ ಸೈಕಲ್ಲಿಗೆ, ಅದೇ ನಂಬರಿನ ಇನ್ನೊಂದು ಸೈಕಲ್ಲಿನವನಿಗೆ. ಸುತ್ತಲಿನ ಹಳ್ಳಿಯವರು ನಸುಕಿಗೇ ಬಂದು ಸೈಕಲ್ ಬಿಟ್ಟು, ಬಸ್ ಹತ್ತಿ ದಾವಣಗೆರೆ ಮಿಲ್ಲುಗಳಿಗೆ ಹೋಗೋರು. ಸಂಜೆ ತಲೆಯೆಲ್ಲ ಹತ್ತಿ ಅಂಟಿಸಿಕೊಂಡು ಬಂದು ಬಿಲ್ಲೆ ಕೊಟ್ಟು ಒಯ್ಯೋರು. ಬಸ್ಸಿನ ಮೇಲಿದ್ದ ಮೈಸೂರು ಅನ್ನೋದನ್ನ ಅಳಿಸಿ ಕರ್ನಾಟಕ ಅಂತ ಬರೆದು ಒಂದೆರಡು ವರ್ಷ ಆಗಿತ್ತು.

ಎದುರಿನ ಚಾ ಅಂಗಡಿ ಬಡೇಸಾಬ್ ಕೆಣಕಿದ. "ಅರ್ಧ ಊರಿನ ಸೈಕಲ್ ನಿನ್ನ ಕೈಯಾಗ ಅದಾವು. ನೀನು ನೋಡಿದ್ರೆ ಕುಂಟಿಕೋತ ಮನೀಗೆ ಹೋಗ್ತಿ. ಒಂದನ್ನ ಹತ್ತೋ ಮಾರಾಯ."

"ಅವು ಅಮಾನತ್ತು. ನನ್ನ ನಂಬಿ ಬಿಟ್ಟಿದ್ದು. ಕಾಯಾಕೆ ಕೊಟ್ಟ ಎಮ್ಮೇನ ಕರಕಂಡು ಕುಡೀಬೌದಾ?"

"ನೀನು ಬಿಡು, ಆ ಎಮ್ಮೆ ನೆಳ್ಳಾಗೂ ನಿಲ್ಲೋನಲ್ಲ."

ಸಿದ್ದೀಕಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಮೌಲಾ ಸಾಬರ ಕಾಲು ಮುರಿದದ್ದು ರಸ್ತೆ ಕೆಲಸದಲ್ಲಿ. ಜಲ್ಲಿ ಲಾರಿ ಹಿಂದಕ್ಕೆ ಬಂದಿತ್ತು. ಕಾಲು ಕೂಡಿತು, ನೆಟ್ಟಗೆ ಕೂಡಲಿಲ್ಲ. ಆಗಿದ್ದ ಇಂಜಿನಿಯರು, "ಸರ್ಕಾರದ ಜಾಗ ಖಾಲಿ ಬಿದ್ದೈತೆ, ಸೈಕಲ್ ಕಾಯ್ಕಂಡು ಇರು," ಅಂದರು. ಬಾಯಿಮಾತು. ಆ ಬಾಯಿಮಾತಿನ ಮೇಲೆ ಮೌಲಾ ಸಾಬರು ಮದುವೆ ಆದರು, ಮಗಳನ್ನ ರಾಣೆಬೆನ್ನೂರಿಗೆ ಕೊಟ್ಟರು, ಗಡ್ಡ ಬೆಳ್ಳಗೆ ಮಾಡಿಕೊಂಡರು.

ರೊಟ್ಟಿ ಮುರಿಯೋ ಹೊತ್ತಿಗೆ ಟೇಪು ಹಿಡಿದವರು ಬಂದರು. ಗೋಡೆಯಿಂದ ಗೋಡೆಗೆ ಅಳೆದರು.

"ಈ ಜಾಗ ಇನ್ನು ರಸ್ತೆ ಇಲಾಖೇದಲ್ಲ," ಅಂದ ಗುಮಾಸ್ತ. "ಬಸ್ಸಿನೋರಿಗೆ ವರ್ಗ ಆಗೈತೆ. ನಾಳೆ ಸಂಜೆ ಕಬ್ಜೆ. ಆಗ ಇಲ್ಲಿ ಏನೇನು ಇರ್ತೈತೋ ಎಲ್ಲಾ ಬರಕಂಡು ಅವರಿಗೆ ಒಪ್ಪಿಸ್ತೀವಿ."

"ನಾನು, ಸ್ವಾಮಿ?"

"ನೀನು ಯಾರಿಗೆ ಸೇರಿದೋನು?"

ಮೌಲಾ ಸಾಬರು ಮುರಿದ ರೊಟ್ಟಿಯನ್ನ ಬುತ್ತಿಗೆ ವಾಪಸ್ ಇಟ್ಟರು. ಕೈ ತಾನಾಗೇ ಎದೆಗೆ ಹೋಯಿತು. ಸಿದ್ದೀಕಾಗೆ ಕಂಡದ್ದು ಆ ಕೈ ಒಂದೇ. ಬುತ್ತಿ ಹಾಗೇ ಮನೆಗೆ ವಾಪಸ್ ಬಂತು.

ಸಂಜೆ ಬಂದವರಿಗೆಲ್ಲ ಅವರು ಹೇಳಿದರು, ನಾಳೆಯಿಂದ ತರಬ್ಯಾಡ್ರಪ್ಪ. ಎಲ್ಲ ಸೈಕಲ್ಲೂ ಹೋದವು. ಒಂದು ಉಳಿಯಿತು. ಗುತ್ತೂರಿನ ಗೋಣೆಪ್ಪನದು. ಅವನು ಅದನ್ನ ಬಿಟ್ಟು ಮಿಲ್ಲಿಗೆ ಹೋದವನು ಅನೇಕ ದಿನದಿಂದ ಬಂದಿರಲಿಲ್ಲ.

"ಆ ತುಕ್ಕು ಸೈಕಲ್ ತಗಂಡು ಬಸ್ಸಿನೋರು ಏನು ಮಾಡ್ತಾರೋ?" ಅಂದ ಬಡೇಸಾಬ್.

"ಎಲ್ಲಾ ಅಂದ್ರಲ್ಲ. ನಾಳೆ ಗೋಣೆಪ್ಪ ಬಿಲ್ಲೆ ಹಿಡಕಂಡು ಬಂದು ನಿಂತ್ರೆ ನಾನು ಕಳ್ಳ ಆಗ್ತೀನಿ."

ಜಾಗ ಹೋಯಿತಲ್ಲ, ನಾಳೆ ಊಟಕ್ಕೇನು, ಅಂತ ಅವರು ಒಂದು ಮಾತೂ ಆಡಲಿಲ್ಲ. ಕಳ್ಳ ಅನ್ನಿಸಿಕೊಳ್ಳೋ ಭಯ ಒಂದೇ.

ಮರುದಿನ ಬಿಸಿಲು ಏರಿದ ಮೇಲೆ ಆ ಸೈಕಲ್ಲನ್ನು ಮನೆ ಮುಂದೆ ತಂದು ನಿಲ್ಲಿಸಿದರು. ಅಲ್ಲೀತನಕ ಗೋಣೆಪ್ಪನ ದಾರಿ ನೋಡಿದ್ದರಂತೆ. "ಗುತ್ತೂರಿಗೆ ಕೊಟ್ಟು ಬರ್ತೀನಿ."

"ಬ್ಯಾಡ್ರಿ. ನಿಮ್ಮ ಮುಖ ಸರಿ ಇಲ್ಲ."

"ಸಂಜೆ ಕಬ್ಜೆ ಐತೆ."

"ಹತ್ತಿಕಂಡಾದ್ರೂ ಹೋಗ್ರಿ."

"ಅಮಾನತ್ತಿನ ಮ್ಯಾಲೆ ಕುಂದ್ರೋದಾ, ಸಿದ್ದೀಕಾ?"

ತಳ್ಳಿಕೊಂಡು ಹೋದರು. ಸೈಕಲ್ಲಿನ ಹಿಂದಿನ ಚಕ್ರ ಗಲ್ಲಿ ತಿರುಗೋತನಕ ಅವಳು ಬಾಗಿಲಲ್ಲಿ ನಿಂತಳು. ಒಳಗೆ ಬಂದು ಅಕ್ಕಿ ಆರಿಸಲು ಕೂತಳು. ಕಲ್ಲು ಯಾವುದು ಅಕ್ಕಿ ಯಾವುದು ಕಾಣಲಿಲ್ಲ. ಸಂಜೆ ನಮಾಜಿನ ಕೂಗು ಆಗೋದರೊಳಗೆ ಬಡೇಸಾಬ್ ಬಂದ. ಬರಿಗಾಲು, ಕೈಯಲ್ಲಿ ಚಾ ಸೋಸೋ ಬಟ್ಟೆ. ಅವಳು ಅಕ್ಕಿ ಮೊರ ಬದಿಗಿಟ್ಟು ಎದ್ದಳು.

ಮೌಲಾ ಸಾಬರು ಗುತ್ತೂರು ದಾರಿಯ ಬೇವಿನ ಮರದ ಬುಡದಲ್ಲಿ ಮಲಗಿದ್ದರಂತೆ. ಉಸಿರು ಇರಲಿಲ್ಲ. ಸೈಕಲ್ಲು ಮಾತ್ರ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ತಲೆಗೆ ಸುತ್ತಿದ್ದ ಟವಲ್ಲನ್ನು ಬಿಚ್ಚಿ ಅದರ ಹ್ಯಾಂಡಲ್ಲನ್ನು ಮರಕ್ಕೆ ಕಟ್ಟಿದ್ದರು. ಯಾರೂ ಒಯ್ಯಬಾರದು ಅಂತ. ಎದೆ ಹಿಡಿದುಕೊಂಡೋರು ಮೊದಲು ಆ ಕೆಲಸ ಮಾಡಿ ಆಮೇಲೆ ಮಲಗಿದ್ದರು.

ಅವರನ್ನ ಗಾಡಿಯಲ್ಲಿ ತಂದವರು ಸೈಕಲ್ಲನ್ನೂ ತಂದು ನಡುಮನೆಯಲ್ಲಿ ಇಟ್ಟರು. ಅವರದೇ ಅಂದುಕೊಂಡಿದ್ದರು.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟೋ ಹಾಗಿಲ್ಲ. ಇದ್ದತ್ತು. ಆ ದಿನವೆಲ್ಲ ಸಿದ್ದೀಕಾ ಮತ್ತು ಆ ಸೈಕಲ್ಲು ಒಂದೇ ಮನೆಯಲ್ಲಿ. ಅಳೋಕೆ ಕೂತರೂ ಕಿವಿ ಬೀದಿಯಲ್ಲೇ ಇರೋದು. ಯಾರ ಚಪ್ಪಲಿ ಸದ್ದಾದರೂ ಗೋಣೆಪ್ಪ ಬಂದ, ಪೊಲೀಸರನ್ನ ಕರಕೊಂಡು ಬಂದ, ಅನ್ನಿಸೋದು. ಒಂದು ದಿನ ಖಾಕಿ ಪ್ಯಾಂಟು ಬಾಗಿಲಲ್ಲೇ ನಿಂತಿತು. ಅವಳು ಕಂಬಳಿ ತೆಗೆದು ಸೈಕಲ್ಲಿನ ಮೇಲೆ ಹಾಕಿದಳು. "ಅಮ್ಮಾ, ಒಂದು ಚೊಂಬು ನೀರು ಕೊಡ್ರಿ," ಅಂತು ಖಾಕಿ. ಬಸ್ ಕಂಡಕ್ಟರು.

ಬಡೇಸಾಬ್‌ನನ್ನು ಗೋಣೆಪ್ಪನನ್ನ ಕರಕಂಡು ಬಾ ಅಂತ ಗುತ್ತೂರಿಗೆ ಕಳಿಸಿದಳು. ಅವನು ಹೋಗಿ ಬಂದು, "ಗೋಣೆಪ್ಪ ಊರಾಗಿಲ್ಲ ಭಾಬಿ. ಅವನ ಹೆಂಡ್ತಿ ಅತ್ತಳು, ಮಾತಾಡಲಿಲ್ಲ," ಅಂದ. ಭಯ ಇನ್ನೂ ಹೆಚ್ಚಾಯಿತು.

ಇದ್ದತ್ತು ಮುಗಿದ ಮರುದಿನ ಅವಳೇ ಹೊರಟಳು. ಸೈಕಲ್ ತಳ್ಳಿಕೊಂಡು. ಜನ ನೋಡಿದರೆ ನೋಡಲಿ. ಬೇವಿನ ಮರ ಬಂದಾಗ ರಸ್ತೆಯ ಆಚೆ ಮಗ್ಗಲಿಗೆ ಹೋದಳು, ತಲೆ ಎತ್ತಲಿಲ್ಲ.

ಗೋಣೆಪ್ಪನ ಹೆಂಡತಿ ಹಂಪವ್ವ ಅಂಗಳದಲ್ಲಿ ಸಗಣಿ ತಟ್ಟುತ್ತಿದ್ದಳು. ಸೈಕಲ್ ಕಂಡದ್ದೇ ಸಗಣಿ ಕೈಯಲ್ಲೇ ಓಡಿ ಬಂದಳು. "ಎಲ್ಲಿ? ಎಲ್ಲಿ ಅವ್ರು?"

"ನಂಗೊತ್ತಿಲ್ಲವ್ವಾ. ನಾನು ಸೈಕಲ್ ಕೊಡಾಕೆ ಬಂದೀನಿ."

ಹಂಪವ್ವ ಕುಸಿದು ಕೂತಳು. ಮಿಲ್ಲಿನಲ್ಲಿ ಕೆಲಸ ಹೋಗಿತ್ತಂತೆ. ಊರಿಗೆ ಮುಖ ತೋರಿಸಲಾರದೆ ಗೋಣೆಪ್ಪ ದಾವಣಗೆರೆಯಿಂದಲೇ ಎತ್ತಲೋ ಹೋಗಿದ್ದ. ಬೊಂಬಾಯಿ ಅಂತ ಒಬ್ಬರು, ಸತ್ತ ಅಂತ ಒಬ್ಬರು.

"ಒಳಗ ತರಬ್ಯಾಡಕ್ಕಾ," ಅಂದಳು ಹಂಪವ್ವ. "ನನ್ನ ಮೈದುನ ನಾಳೆನೇ ಮಾರ್ತಾನ. ಬಿಲ್ಲೆ ನಮ್ಮೋರ ಜೇಬಿನಾಗೇ ಐತೆ. ಊರಿಗೆ ಬಂದ್ರೆ ಬಸ್ಸಿಳಿದು ಮೊದ್ಲು ಸೈಕಲ್ ಹುಡುಕ್ತಾರ. ನಿಮ್ಮ ಮನೆಯಾಗೇ ಇರ್ಲಿ."

"ನಾನು ಒಂಟಿ ಹೆಂಗಸು. ಇದನ್ನ ಇಟ್ಕಂಡು ದಿನಾ ಭಯ ಆಗತೈತವ್ವಾ. ಇಳಿಸಿ ಹೋಗಾನ ಅಂತ ಬಂದೆ."

"ನಂಗೂ ಭಯ ಆಗತೈತೆ. ಅದಕ್ಕೇ ಕೇಳ್ತೀನಿ. ಸಾಬರು ಜೀವ ಬಿಟ್ರು, ಇದನ್ನ ಬಿಡಲಿಲ್ಲಂತ."

ಸಿದ್ದೀಕಾ ಹ್ಯಾಂಡಲ್ ಹಿಡಿದಳು. ತಂದ ಭಯವನ್ನೇ ಹೊತ್ತುಕೊಂಡು ಹೋಗಬೇಕಾಗಿತ್ತು. "ಆತು," ಅಂದಳು. ಸೈಕಲ್ ತಿರುಗಿಸಿದಳು. ಬರುವಾಗ ಬೇವಿನ ಮರದ ಕೆಳಗೇ ಬಂದಳು.

ಸೈಕಲ್ ಕಾಯುತ್ತಿದ್ದ ಆ ಜಾಗ ಈಗ ಬಸ್ಸಿನವರದು. ನೆಲಕ್ಕೆ ಸಿಮೆಂಟು ಬಿದ್ದಿದೆ, ಗುತ್ತಿಗೆದಾರನ ಆಳು ಚೀಟಿ ಹರೀತಾನೆ. ಗೋಣೆಪ್ಪ ಬಂದಿಲ್ಲ. ಯಾರಾದರೂ ಬಾಗಿಲ ಮುಂದೆ ನಿಂತರೆ ಸಿದ್ದೀಕಾ ಈಗಲೂ ಕೈಯ ಕೆಲಸ ಬಿಟ್ಟು ಎದ್ದು ನೋಡುತ್ತಾಳೆ. ಬಂದ ಅಂತ ಒಂದು ಭಯ, ಇನ್ನು ಬರೋದಿಲ್ಲ ಅಂತ ಇನ್ನೊಂದು.

ದಿನಾ ಬೆಳಿಗ್ಗೆ ನಮಾಜು ಮುಗಿಸಿ ಅವಳು ಸೈಕಲ್ಲನ್ನು ಹೊರಗೆ ತರುತ್ತಾಳೆ. ಮೌಲಾ ಸಾಬರ ಟವಲ್ಲಿನಿಂದ ಸೀಟು ಒರೆಸುತ್ತಾಳೆ. ಪಂಪು ಹಚ್ಚಿ ಎರಡೂ ಚಕ್ರಕ್ಕೆ ಗಾಳಿ ತುಂಬುತ್ತಾಳೆ, ಹೆಬ್ಬೆರಳಿಂದ ಒತ್ತಿ ನೋಡುತ್ತಾಳೆ. ಆಮೇಲೆ ಬಸ್ ಇಳಿದು ಬರೋರಿಗೆ ಕಾಣೋ ಹಾಗೆ ಬೀದಿ ಕಡೆ ಮುಖ ಮಾಡಿ ಸ್ಟ್ಯಾಂಡ್ ಹಾಕುತ್ತಾಳೆ.