ಅವಳು ಹೇಳದೆ ಉಳಿದ ಚಿಪ್

ಚಿತ್ರದುರ್ಗದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನೂ ನನ್ನ ಗೆಳತಿಯೂ ಕೆಲಸ ಮಾಡುತ್ತಿದ್ದೆವು. ಮಾರಿಕಣಿವೆ ಅಣೆಕಟ್ಟಿನ ನಾಲೆಯಲ್ಲಿ ನೀರಿನ ಮಟ್ಟ ಅಳೆದು ಫೋನಿಗೆ ತಿಳಿಸುವ ಒಂದು ಡಬ್ಬಿ ಮಾಡುತ್ತಿದ್ದೆವು. ಒಳಗಿನ ಬೋರ್ಡನ್ನು ರೂಪಿಸುವವಳು ಅವಳು. ಆ ಬೋರ್ಡಿನಲ್ಲಿ ಏನೇನಿದೆ ಎಂದು ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶಕ್ಕೆ ವಿವರಿಸುವುದು ನನ್ನ ಪಾಲು.

ಇಂಥ ಬೋರ್ಡುಗಳಲ್ಲಿ ತನ್ನ ಸುತ್ತ ಯಾವ ಚಿಪ್ ಇದೆ ಎಂಬುದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ತಾನಾಗಿ ತಿಳಿಯುವುದಿಲ್ಲ. ಯಾವ ಚಿಪ್ ಯಾವ ತಂತಿಯಲ್ಲಿದೆ, ಅದರ ವಿಳಾಸವೇನು, ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂದು ನಾವೇ ಬರೆದುಕೊಡಬೇಕು. ಅದಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ಅದನ್ನು ಓದಿಯೇ ಕರ್ನಲ್ ಒಂದೊಂದು ಚಿಪ್‌ಗೂ ತಕ್ಕ ಡ್ರೈವರನ್ನು, ಅಂದರೆ ಅದನ್ನು ನಡೆಸುವ ಪ್ರೋಗ್ರಾಮನ್ನು, ಜೋಡಿಸುತ್ತದೆ. ಬರೆದದ್ದು ತಪ್ಪಾದರೆ ಚಿಪ್ ಕಣ್ಣೆದುರೇ ಇದ್ದರೂ ಇಲ್ಲದಂತೆಯೇ.

ಬೋರ್ಡಿನ ಭಾಗಗಳಿಗೆಲ್ಲ ವಿದ್ಯುತ್ ಹಂಚಲು ನಾವು ಬಳಸುತ್ತಿದ್ದ ಪವರ್ ಚಿಪ್ ಇದ್ದಕ್ಕಿದ್ದಂತೆ ಮಾರುಕಟ್ಟೆಯಲ್ಲಿ ಸಿಗದಾಯಿತು. ಅವಳು ಎಲ್ಲಿಂದಲೋ ಅದೇ ಅಳತೆಯ ಬೇರೊಂದನ್ನು ತರಿಸಿದಳು. ಅದಕ್ಕೆ ಸರಿಯಾದ ವಿವರಣೆಯೇ ಇರಲಿಲ್ಲ. ಬೋರ್ಡನ್ನು ಮನೆಗೆ ಒಯ್ದು ದಿನಗಟ್ಟಲೆ ಕೂತು, ಚಿಪ್‌ನ ಯಾವ ವಿದ್ಯುತ್ ದಾರಿಯ ನಂತರ ಯಾವುದನ್ನು ಹಚ್ಚಿದರೆ ನೀರಿನ ಸೆನ್ಸರ್ ಏಳುತ್ತದೆ ಎಂದು ತಾನೇ ಕಂಡುಹಿಡಿದಳು. ಒಂದು ಸಂಜೆ ಹೊಳಲ್ಕೆರೆಯ ಮನೆಯಿಂದ ಫೋನ್ ಮಾಡಿದಳು.

"ಎದ್ದುಬಿಡ್ತು ಕಣೇ! ಫೋನಲ್ಲಿ ಹೇಳಾಕಾಗಲ್ಲ, ಭಾಳ ಐತೆ. ನಾಳೆ ಬಂದು ಎಲ್ಲಾ ಹೇಳ್ತೀನಿ."

ಮರುದಿನ ಬೆಳಿಗ್ಗೆ ಬಂದದ್ದು ಅವಳ ತಂಗಿಯ ಫೋನ್. "ಅಕ್ಕಂಗೆ ಲಕ್ವ ಹೊಡದೈತೆ ಅಕ್ಕಾ. ಬಲಗೈ ಆಡ್ತಿಲ್ಲ. ಮಾತು ನಿಂತೋಗೈತೆ."

ಜೀವ ಉಳಿಯಿತು. ಮಾತು ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಕಂಡುಹಿಡಿದ ಕ್ರಮವನ್ನು ಅವಳು ಎಲ್ಲೂ ಬರೆದಿಟ್ಟಿರಲಿಲ್ಲ. ನಾನು ಅವಳ ಮನೆಯಿಂದ ಆ ಬೋರ್ಡನ್ನು ಕೋಣೆಗೆ ತಂದು ಅದರ ಮುಂದೆ ಕೂತೆ. ಡಿವೈಸ್ ಟ್ರೀಯ ಒಂದು ಸಾಲು ತಿದ್ದುವುದು, ಬೋರ್ಡ್ ಚಾಲೂ ಮಾಡುವುದು, ಸೆನ್ಸರ್ ಸಿಗಲಿಲ್ಲ ಎಂಬ ಉತ್ತರ ಓದುವುದು. ಮಾರಿಕಣಿವೆಯಿಂದ ನಾಲೆಯ ಎಂಜಿನಿಯರು ಆಗಾಗ ಫೋನ್ ಮಾಡಿ, "ಮೇಡಂ, ನಮ್ ಡಬ್ಬಿ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು.

ಕೊನೆಗೆ ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊಳಲ್ಕೆರೆಯ ಬಸ್ ಹತ್ತಿದೆ. "ಬರ್ರಿ ಅಕ್ಕಾ, ಕುಂತ್ಕಳ್ರಿ. ಎಲ್ಲಾ ತಿಳೀತೈತೆ ಅವಳಿಗೆ, ಹೇಳಾಕೂ ಬರೆಯಾಕೂ ಬರಲ್ಲ ಅಷ್ಟೇ" ಎಂದಳು ತಂಗಿ.

ಬೋರ್ಡ್ ಕಂಡದ್ದೇ ಗೆಳತಿಯ ಮುಖ ಅರಳಿತು. ಎಡಗೈಯಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಮೊದಲು ಯಾವುದು ಹಚ್ಚಬೇಕು ಕಣೇ? ಬೆರಳಿಟ್ಟು ತೋರ್ಸು ಸಾಕು" ಎಂದೆ.

"ನೀರು" ಎಂದಳು. ಅದಲ್ಲವೆಂದು ತಲೆಯಾಡಿಸಿ ಮತ್ತೆ ಬಾಯಿ ತೆರೆದಳು. ಆಗಲೂ "ನೀರು" ಎಂದೇ ಬಂತು. ಆ ಒಂದು ಪದ ಮಾತ್ರ ಉಳಿದಿತ್ತು. ಬಹಳ ಹೊತ್ತು ನೋಡಿ ಚಿಪ್‌ನ ಒಂದು ಮೂಲೆ ಮುಟ್ಟಿದಳು, ಆಮೇಲೆ ಇನ್ನೊಂದು ಮೂಲೆ. ನಾನು ಆಸೆಯಿಂದ ಗುರುತು ಹಾಕಿಕೊಂಡು ಕೋಣೆಗೆ ಓಡಿಬಂದೆ. ಆ ಕ್ರಮದಲ್ಲೂ ಸೆನ್ಸರ್ ಏಳಲಿಲ್ಲ. ಅವಳ ಬೆರಳು ಜಾರಿತೋ, ನಾನು ಓದಿಕೊಂಡದ್ದು ತಪ್ಪೋ, ಇಂದಿಗೂ ಗೊತ್ತಿಲ್ಲ.

ಮತ್ತೆ ಮತ್ತೆ ಹೋದೆ. ಪ್ರತಿ ಸಲವೂ ಅವಳ ಬೆರಳು ಬೇರೆ ಬೇರೆ ಕಡೆ ಹೋಗುತ್ತಿತ್ತು. ಕಡೆಯ ಸಲ, ಆಗದ ಮಾತಿಗಾಗಿ ಹೆಣಗಿ ಹೆಣಗಿ, ತನ್ನ ಬಾಯಿಗೆ ತಾನೇ ಎಡಗೈಯಿಂದ ಹೊಡೆದುಕೊಂಡಳು. ತಂಗಿ ಓಡಿಬಂದು ಕೈ ಹಿಡಿದಳು. "ಇನ್ಮೇಲೆ ಇದನ್ನ ತರಬ್ಯಾಡ್ರಿ ಅಕ್ಕಾ. ನೀವು ಹೋದ್ಮೇಲೆ ಅಳ್ತಾನೇ ಇರ್ತಾಳೆ."

ಎಂಜಿನಿಯರು ಕಾದು ಕಾದು ಬೇರೆಡೆಯಿಂದ ಸಿದ್ಧ ಡಬ್ಬಿ ತರಿಸಿಕೊಂಡರು. "ಬೇಜಾರ್ ಮಾಡ್ಕಬ್ಯಾಡ್ರಿ ಮೇಡಂ" ಎಂದರು. ನಾನು ಕೋಣೆ ಬಿಟ್ಟೆ. ಈಗ ಸಿರಿಗೆರೆಯ ಕಡೆ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ.

ರಜೆಯಲ್ಲಿ ಬೋರ್ಡ್ ಇಲ್ಲದೆಯೇ ಅವಳನ್ನು ನೋಡಲು ಹೋಗುತ್ತೇನೆ. ಮೊದಲೆಲ್ಲ ಅದು ಇದೆಯೇ ಎಂದು ನನ್ನ ಕೈಚೀಲದ ಕಡೆ ನೋಡುತ್ತಿದ್ದಳು. ಈ ಸಲ ನಾನು ಒಳಗೆ ಬಂದದ್ದು ಕಂಡು, ಗೋಡೆಯ ಕಡೆ ಹೊರಳಿ ಮಲಗಿಬಿಟ್ಟಳು.