ನಾಲಿಗೆಯ ಮೇಲಿನ ಸಾಬೂನು

ತುರೋರಿಯ ಹೆದ್ದಾರಿ ಪಕ್ಕದಲ್ಲಿ ವೈಜನಾಥನ ಭಜಿ ಅಂಗಡಿ. ಮೂವತ್ತು ವರ್ಷಗಳಿಂದ ಅವನ ಹೆಂಡತಿ ರಂಭಾಬಾಯಿ ಬಟ್ಟೆ ಸಾಬೂನು ಕೊಂಡವಳಲ್ಲ. ಭಜಿ ಕರಿದು ಉಳಿದ ಎಣ್ಣೆಯನ್ನು ಹಳೆಯ ಧೋತರದಲ್ಲಿ ಸೋಸಿ, ಗಡಿಗೆಯಲ್ಲಿ ಕಾಸ್ಟಿಕ್ ಸೋಡಾದ ನೀರು ಬೆರೆಸಿ, ತೊಗರಿ ಕಟ್ಟಿಗೆಯಿಂದ ತಿರುವಿ ತಾನೇ ಮಾಡುತ್ತಾಳೆ. ಗಟ್ಟಿಯಾದದ್ದನ್ನು ದಾರದಿಂದ ಕೊಯ್ದು ಒಂದು ತಿಂಗಳು ಅಟ್ಟದ ಮೇಲಿಡುತ್ತಾಳೆ. ಆ ಮನೆಯ ಬಟ್ಟೆಗಳಿಗೆಲ್ಲ ಭಜಿಗೆ ಹಾಕುವ ಅಜವಾನದ ಸಣ್ಣ ವಾಸನೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು, "ಭಜಿ ವೈಜನಾಥನ ಮನಿಯವರೇನ್ರಿ?" ಎಂದು ಕೇಳುವುದುಂಟು.

ಸಾಬೂನು ಹಣ್ಣಾಯಿತೆಂದು ತಿಳಿಯಲು ಅತ್ತೆ ತುಳಜಾಬಾಯಿ ಕಲಿಸಿದ ದಾರಿ ಒಂದೇ. ಉಗುರಿನಷ್ಟು ಕೆರೆದು ನಾಲಿಗೆ ತುದಿಗೆ ತಾಗಿಸಬೇಕು. ಕಡಿದರೆ ಸೋಡಾ ಇನ್ನೂ ಹಸಿ. ಹೊಸ ಸೊಸೆಯಾಗಿ ಬಂದ ವರ್ಷ ಅತ್ತೆ ಅವಳನ್ನು ಒಗೆಯುವ ಕಲ್ಲಿನ ಬಳಿ ಕೂರಿಸಿ, "ಇವತ್ತಿಂದ ಮನಿ ಅರಿವಿ ನಿನ್ನ ನಾಲಗಿ ಮ್ಯಾಲ ನೋಡವಾ" ಎಂದಿದ್ದಳು. ಆ ಮನೆಯಲ್ಲಿ ಅವಳನ್ನು ನಂಬಿ ಯಾರಾದರೂ ಒಪ್ಪಿಸಿದ ಮೊದಲ ಕೆಲಸ ಅದು.

ಈ ಶ್ರಾವಣದಲ್ಲಿ ಉದಗೀರದಿಂದ ಬಂದ ಸೊಸೆ ಪ್ರಣಿತಾ ಹೆತ್ತಳು. ಮೊಮ್ಮಗಳ ಸಂಭ್ರಮದಲ್ಲಿ ರಂಭಾಬಾಯಿ ತಿಂಗಳು ತುಂಬುವ ಮೊದಲೇ ಸಾಬೂನು ಇಳಿಸಿ, ನಾಲಿಗೆಗೆ ಹಚ್ಚಿ ನೋಡಿ, ಕೂಸಿನ ಬಟ್ಟೆ ಒಗೆದಳು. ಮೂರನೇ ದಿನ ಕೂಸಿನ ಬೆನ್ನು ಕೆಂಪಾಯಿತು. ಸಾಬೂನು ಬದಲಿಸಿರೆಂದರು ಡಾಕ್ಟರು. ಪ್ರಣಿತಾ ಅಂಗಡಿಯಿಂದ ಸಾಬೂನು ಪುಡಿಯ ಪ್ಯಾಕೆಟ್ ತಂದು ಒಗೆಯುವ ಕಲ್ಲಿನ ಮೇಲಿಟ್ಟಳು.

ರಂಭಾಬಾಯಿ ಅದೇ ಸಾಬೂನನ್ನು ಮತ್ತೆ ನಾಲಿಗೆಗೆ ಹಚ್ಚಿದಳು. "ಕಡ್ಯಾಂಗಿಲ್ಲ. ಬೇಕಂದ್ರ ನೀನೇ ನೋಡು."

ಪ್ರಣಿತಾ ನಾಲಿಗೆಗೆ ಹಚ್ಚಿ, ಮುಖ ಕಿವುಚಿ ಉಗುಳಿದಳು. "ಆಯಿ ಗ! ಬೆಂಕಿ ಅದರಿ ಅತ್ತಿ. ದಿನಾ ನಾಕ ಸಲ ಮಿಸ್ರಿ ತಿಕ್ಕಿದ್ರ ನಾಲಗಿಗಿ ಏನ್ ತಿಳೀತದ?"

ಮಿಸ್ರಿ ಎಂದರೆ ಸುಟ್ಟ ತಂಬಾಕಿನ ಹಲ್ಲುಪುಡಿ. ಅದರ ಡಬ್ಬಿ ರಂಭಾಬಾಯಿಯ ಸೊಂಟದಲ್ಲೇ ಇತ್ತು.

"ಅದಕ್ಕಽ ನನ್ನ ಭಜಿಗಿ ಉಪ್ಪಿಲ್ಲ ಅಂತಿದ್ದಿ" ಎಂದ ವೈಜನಾಥ ಹೊರಸಿನಿಂದ.

ರಂಭಾಬಾಯಿ ನಗಲಿಲ್ಲ. ಸಾಬೂನನ್ನೆಲ್ಲ ಎತ್ತಿ ಅಟ್ಟಕ್ಕಿಟ್ಟಳು.

ತಿಂಗಳ ನಂತರ ಒಂದು ತುಂಡು ಇಳಿಸಿ, ಕೆರೆದು, ತನ್ನ ಬಾಯಿಗೆ ಒಯ್ಯದೆ ಸೊಸೆಯ ಮುಂದೆ ಹಿಡಿದಳು. ಪ್ರಣಿತಾ ನಾಲಿಗೆಗೆ ತಾಗಿಸಿ ನೋಡಿದಳು.

"ಸಣ್ಣಗ ಕಡೀತದರಿ. ಇನ್ನಾ ಎಂಟ ದಿನ ಇರ್ಲಿ."

ರಂಭಾಬಾಯಿ ತುಂಡನ್ನು ಹಿಡಿದು ಮತ್ತೆ ಏಣಿ ಹತ್ತಿದಳು. ಎಂಟು ದಿನ ಕಳೆದು ಪ್ರಣಿತಾ ನಾಲಿಗೆ ಚಾಚಿದಾಗ ರಂಭಾಬಾಯಿ ಅವಳ ಹುಬ್ಬನ್ನೇ ನೋಡುತ್ತ ನಿಂತಳು. ಹುಬ್ಬು ಅಲುಗಲಿಲ್ಲ.

"ಈಗ ಸುಮ್ಮನದ."

ರಂಭಾಬಾಯಿ ಕೂಸಿನ ಕುಂಚಿಗೆಯನ್ನು ಒಗೆದು ಬಿಸಿಲಿಗೆ ಹಾಕಿದಳು. ಒಣಗಿದ ಮೇಲೆ ಮೂಗಿಗೆ ಹಿಡಿದರೆ ಅದೇ ಅಜವಾನ. ಅಂಗಡಿಯ ಪುಡಿ ಈಗ ವೈಜನಾಥನ ಒರಸು ಬಟ್ಟೆಗೆ ಮೀಸಲು.