ಕೆರಿಯಪ್ಪನ ಅಂಗಡಿಯ ಘಾಟಿ
ಹೊಸನಗರದ ಜಟ್ಟಿಂಗಪ್ಪ ತೀರ್ಥಹಳ್ಳಿಯ ಬಿಡಿಭಾಗದಂಗಡಿ ಕೆರಿಯಪ್ಪನನ್ನು ಮೊದಲು ಕಂಡದ್ದು ೧೯೬೧ರಲ್ಲಿ, ಕಲ್ಲು ಬಡಿದು ಸೀಳಿಹೋದ ತನ್ನ ಹಳೆಯ ಲಾರಿಯ ಆಯಿಲ್ ಪ್ಯಾನನ್ನು, ಎಂದರೆ ಎಂಜಿನ್ನಿನ ಅಡಿಯ ಎಣ್ಣೆತಟ್ಟೆಯನ್ನು, ತಲೆಯ ಮೇಲೆ ಹೊತ್ತು ಬಂದ ದಿನ. ಮನೆಮಂದಿಯ ಅನ್ನವೆಲ್ಲ ಆ ಲಾರಿಯದೇ. "ಇಂಥಾದ್ದೇ ಒಂದು ಕೊಡಿ" ಎಂದರೆ, "ಘಾಟಿ ಇಳಿತೀಯೇನೋ?" ಎಂದು ಕೆರಿಯಪ್ಪ ಕೇಳಿದ. ಹೌದೆಂದವರಿಗೆ ಅವನು ಸಾಮಾನು ಕೊಡುವ ಕ್ರಮವೇ ಬೇರೆ. ಹಲಗೆಯೊಂದನ್ನು ಓರೆಯಾಗಿ ನಿಲ್ಲಿಸಿ, "ಇದೇ ಆಗುಂಬೆ" ಎನ್ನುವನು. ಅದರ ಮೇಲೆ ಪ್ಯಾನಿಟ್ಟು ನೀರು ಹೊಯ್ಯುವನು. ಎಣ್ಣೆ ಹೀರುವ ಕೊಳವೆಯ ಜಾಗ ಬಿಟ್ಟು ನೀರು ಮೂಲೆಗೆ ಓಡಿತೋ, ಪ್ಯಾನು ಎಷ್ಟೇ ಹೊಳೆಯಲಿ, ನಪಾಸು. "ಬೋಲ್ಟಿನ ತೂತು ಕೂಡಿದ್ರೆ ಸಾಕಾ ಮಾರಾಯ? ಎಣ್ಣೆ ಸಿಗದೆ ಎಂಜಿನ್ ಸುಟ್ಟೋದ್ರೆ ಹೆಂಡ್ತಿ ಮುಂದೆ ಕೂತು ತೂತು ಎಣಿಸ್ತೀಯಾ?" ಎಣ್ಣೆ ಸೋರದಂತೆ ಪ್ಯಾನಿನ ಅಂಚಿಗೆ ಕೂರಿಸುವ ಕಾರ್ಕಿನ ಗ್ಯಾಸ್ಕೆಟ್ಟನ್ನು ಬಾಳೆಯೆಲೆಯಂತೆ ಬಾಗಿಸಿ, ಬಿರುಕು ಕಂಡರೆ, "ಇದು ನನ್ನಂಗೆ ಅಂಗಡೀಲೇ ಮುದಿಯಾಗಿದೆ" ಎಂದು ಮೂಲೆಗೆಸೆಯುವನು. ಹೊಳೆಯುವ ಮೂರು ಪ್ಯಾನುಗಳು ನಪಾಸಾಗಿ, ನಗ್ಗಿದ ನಾಲ್ಕನೆಯದು ತೇರ್ಗಡೆಯಾಯಿತು. ಅದನ್ನು ಕೂಡಿಸಿಕೊಂಡ ಲಾರಿ ತುಂಬಿದ ಹೇರಿನೊಡನೆ ಘಾಟಿ ಇಳಿದು, ಒಂದು ತೊಟ್ಟು ಎಣ್ಣೆ ಚೆಲ್ಲದೆ ಹತ್ತಿ ಬಂತು. ಘಾಟಿಯ ಓರೆ ಇಷ್ಟು ಕರಾರುವಾಕ್ಕಾಗಿ ಗೊತ್ತಾದದ್ದು ಹೇಗೆಂದು ಜಟ್ಟಿಂಗಪ್ಪ ಕೇಳಿದಾಗ ಕೆರಿಯಪ್ಪ ನಾಚಿಕೊಂಡ. ಲಾರಿ ಹತ್ತಿದರೆ ಅವನಿಗೆ ವಾಂತಿ. ಹದಿನಾಲ್ಕು ತಿರುವುಗಳನ್ನೂ ನಡೆದೇ ಇಳಿದು, ಒಂದೊಂದರಲ್ಲೂ ನೀರಿನ ಬಟ್ಟಲಿಟ್ಟು ಓರೆ ಅಳೆದಿದ್ದ. ಏಳು ವರ್ಷಗಳ ಮೇಲೆ ಈಗ, ಜಟ್ಟಿಂಗಪ್ಪನ ಪಕ್ಕದಲ್ಲಿ ನಿಂಬೆಹಣ್ಣು ಮೂಸುತ್ತ ಕುಳಿತು, ಲಾರಿಯಲ್ಲೇ ಘಾಟಿ ಇಳಿಯುವುದನ್ನು ಕಲಿಯುತ್ತಿದ್ದಾನೆ. ಸದ್ಯಕ್ಕೆ ಐದನೆಯ ತಿರುವಿನವರೆಗೆ ಲಾರಿ, ಅಲ್ಲಿಂದಾಚೆ ಕಾಲ್ನಡಿಗೆ.